ಎರಡು ಗೋಡೆಗಳ ನಡುವಿನ ಗೇಣು

ಅಜ್ಜಿಯ ಬಲಗೈ ಹೆಬ್ಬೆರಳು ಯಾವಾಗಲೂ ಕೆಂಪಗಿರುತ್ತಿತ್ತು. ಹಲ್ಲಿಲ್ಲದ ತಾತನಿಗಾಗಿ ಎಲೆ ಅಡಿಕೆಯನ್ನು ಕಬ್ಬಿಣದ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ, ಹೆಬ್ಬೆರಳಿನಿಂದಲೇ ಬಳಿದು ತೆಗೆದು ಅವರ ಅಂಗೈಗೆ ಹಾಕುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಟಕ್ ಟಕ್ ಎಂದು ಆ ಸದ್ದು ಶುರುವಾದರೆ ನಮಗೆಲ್ಲ ಹೊತ್ತು ತಿಳಿಯುತ್ತಿತ್ತು. ತಾತನಿಗೆ ಮಾತ್ರ ಅದು ಕೇಳಿಸುತ್ತಿರಲಿಲ್ಲ. ಅವರ ಕಿವಿ ಪೂರ್ತಿ ಹೋಗಿತ್ತು. ಅಜ್ಜಿ ಭುಜ ಮುಟ್ಟಿದರೆ ಆಗ ಕೈ ಚಾಚುವರು.

ಅಜ್ಜಿ ನನ್ನ ಮಾವನವರ ತಾಯಿ. ತವರು ತೆಲುಗು ಗಡಿಯ ನಂಗಲಿಯ ಕಡೆ. ಹಾಗಾಗಿ ಸಿಟ್ಟು ಬಂದಾಗ ಬಾಯಲ್ಲಿ ತೆಲುಗು ಬರುತ್ತಿತ್ತು. ನಾನು ಮಾಸ್ತಿ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ಮಾವನವರು ಹೊಸ ಮನೆ ಕಟ್ಟಿಸಲು ಹೊರಟರು. ಯುದ್ಧದ ಕಾಲ, ಮರಮುಟ್ಟು ಸಿಗುತ್ತಿರಲಿಲ್ಲ. ಆದರೂ ಹಳೆಯ ಮನೆ ಸಾಲುತ್ತಿರಲಿಲ್ಲವಲ್ಲ. ನಿವೇಶನದಲ್ಲಿ ಮೇಸ್ತ್ರಿ ಬೂದಿಯಲ್ಲಿ ಗೆರೆ ಎಳೆದು, ಇದು ಪಡಸಾಲೆ, ಇದು ಅಡಿಗೆಮನೆ, ಈ ಮೂಲೆಯ ಕೋಣೆ ಹಿರಿಯರಿಗೆ ಎಂದು ತೋರಿಸಿದ. ಅಜ್ಜಿ ಆ ಮೂಲೆಯ ಗೆರೆಯನ್ನು ಕಾಲಿನಿಂದ ಒರೆಸಿಹಾಕಿದರು.

"ನಂಗೂ ನಿಮ್ಮಪ್ಪಂಗೂ ಬೇರೆ ಮನೆ ಕಟ್ಟು. ಎರಡು ಅಂಕಣ ಸಾಕು. ನಿನ್ನ ಗೋಡೆ ನಿಂದು, ನನ್ನ ಗೋಡೆ ನಂದು. ಮಧ್ಯೆ ಒಂದು ಗೇಣು ಬಿಡು."

"ಅಪ್ಪ ಅವ್ವನ್ನ ಬೇರೆ ಹಾಕ್ದ ಅಂತ ಊರೋರು ಉಗೀತಾರವ್ವ," ಎಂದರು ಮಾವ.

"ಉಗೀಲಿ ಬಿಡು, ನಿನ್ ಮುಖ ತೊಳ್ದಂಗಾಯ್ತದೆ."

ಮೇಸ್ತ್ರಿ ನಕ್ಕ. "ಅಲ್ಲಜ್ಜಿ, ಒಂದ್ ಗೇಣು ಯಾಕೆ? ಇರುವೆ ಓಡಾಡೋಕಾ?"

"ಇರುವೆಗಲ್ಲ ಕಣ್ಲಾ. ಯಮ ದಾರಿ ತಪ್ಪಿ ಆ ಕಡೆ ಕಾಲಿಡಬಾರ್ದು, ಅದಕ್ಕೆ."

ಮೇಸ್ತ್ರಿ ಒಂದು ಗೇಣು ಬಿಟ್ಟು ಇನ್ನೊಂದು ಗೆರೆ ಎಳೆದ.

ನಮ್ಮ ಕಡೆ ಒಂದು ಪದ್ಧತಿ ಇದೆ. ಧನಿಷ್ಠೆಯಂಥ ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಜೀವ ಹೋದರೆ, ಆ ಸೂರಿನ ಕೆಳಗಿದ್ದವರೆಲ್ಲ ಆರು ತಿಂಗಳು ಮನೆ ಬಿಡಬೇಕು. ಬಾಗಿಲಿಗೆ ಜಾಲಿಮುಳ್ಳು ಬಡಿಯುತ್ತಾರೆ. ಹೆಣವನ್ನೂ ಬಾಗಿಲಿನಿಂದ ಒಯ್ಯುವಂತಿಲ್ಲ, ಗೋಡೆ ಒಡೆದೇ ತೆಗೆಯಬೇಕು. ಅಜ್ಜಿ ಬಾಣಂತಿಯಾಗಿದ್ದಾಗ ಅವರ ಅತ್ತೆ ಅಂಥ ನಕ್ಷತ್ರದಲ್ಲೇ ತೀರಿಕೊಂಡಿದ್ದರು. ಹಸುಗೂಸನ್ನು ಎತ್ತಿಕೊಂಡು ಎಲ್ಲರೂ ಕಣದ ಗುಡಿಸಲಿಗೆ ಹೋದರಂತೆ. ಮಾಗಿಯ ಚಳಿ. ಕೂಸು ಉಳಿಯಲಿಲ್ಲ. ಅದು ಅಜ್ಜಿಯ ಚೊಚ್ಚಲು. ಇದನ್ನು ನನಗೆ ಹೇಳಿದ್ದು ನಮ್ಮತ್ತೆ. ಅಜ್ಜಿ ಒಂದು ದಿನವೂ ಆ ಮಾತೆತ್ತಲಿಲ್ಲ.

ಗೋಡೆಗಳು ಬೇರೆಬೇರೆಯಾಗಿಯೇ ಎದ್ದವು. ಹೊಸ್ತಿಲಿನ ಕಲ್ಲುಗಳು ಶಿವಾರಪಟ್ಟಣದಿಂದ ಬಂದವು, ಎರಡು ಮನೆಗೂ ಒಂದೊಂದು. ಆದರೆ ಸೂರಿನ ಹೊತ್ತಿಗೆ ಮಾವನವರಿಗೆ ಒಂದೇ ಒಂದು ಉದ್ದನೆಯ ತೊಲೆ ಸಿಕ್ಕಿತು. ಮರ ಉಳಿಯಲಿ ಎಂದು ಅದನ್ನು ಎರಡು ಮನೆಗೂ ಸೇರಿಸಿ ಹಾಯಿಸಿಬಿಟ್ಟರು. ಅಜ್ಜಿಗೆ ಹೇಳಲಿಲ್ಲ.

ಅಜ್ಜಿ ಒಳಗೆ ಬಂದವರು ಮೇಲೆ ನೋಡಲೂ ಇಲ್ಲ. ತಮ್ಮ ಕಡೆಯ ಗೋಡೆಗೆ ಕಿವಿಯಿಟ್ಟು ನಿಂತು, "ಕೂಸೇ, ಆ ಕಡೆ ಹೋಗಿ ನನ್ ಕುಟ್ಟಾಣಿ ಕುಟ್ಟು," ಎಂದು ನನ್ನನ್ನು ಕಳಿಸಿದರು. ಕುಟ್ಟಿದೆ.

"ಏಮಿರಾ ಇದಿ?" ಎಂದು ಅವರು ಮಗನ ಮೇಲೆ ಕೂಗಿದ್ದು ಗೋಡೆಯಾಚೆಯ ನನಗೂ ಕೇಳಿತು. "ಆ ಕಡೆ ಕುಟ್ಟಿದ್ದು ಈ ಕಡೆ ಬರ್ತಾ ಐತೆ. ಸದ್ದಿಗೆ ದಾರಿ ಐತೆ ಅಂದ್ಮೇಲೆ ಯಮಂಗೂ ಐತೆ. ನಾಳೆ ಜೋಯಿಸ್ರು ಬಂದು ತೊಲೆ ಒಂದೇ, ಮನೆ ಒಂದೇ ಅಂದ್ರೆ ಏನ್ ಮಾಡ್ತೀಯೋ? ಕತ್ತರಿಸು."

ಮಾವ ಗೊಣಗಿದರು. ಆದರೂ ಗೋಡೆಗಳ ನಡುವಿನ ಗೇಣಿನಲ್ಲಿ ತೊಲೆಗೆ ಗರಗಸ ಹಾಕಿಸಿದರು. ನಾನು ಮತ್ತೆ ಕುಟ್ಟಿದೆ. ಅಜ್ಜಿ ತಾವೂ ಕಿವಿಯಿಟ್ಟು, ನಮ್ಮತ್ತೆಯ ಕಿವಿಯನ್ನೂ ಇಡಿಸಿದರು. ಏನೂ ದಾಟಲಿಲ್ಲ. "ಈಗ ಸರಿ," ಎಂದರು. ಆಮೇಲೆ ಒಂದು ದಿನ ನನ್ನೊಬ್ಬಳನ್ನೇ ಕರೆದು ತಮ್ಮ ಹಿಂದಿನ ಗೋಡೆ ತೋರಿಸಿದರು. ಅಲ್ಲಿ ಒಂದಷ್ಟು ಜಾಗದಲ್ಲಿ ಕೆಸರುಮಣ್ಣು ಹಾಕದೆ ಬರೀ ಇಟ್ಟಿಗೆ ಜೋಡಿಸಿ, ಮೇಲೆ ಸುಣ್ಣ ಬಳಿಸಿದ್ದರು.

"ಅದು ನನ್ ಬಾಗ್ಲು," ಎಂದರು. ಹೊಸ ಸೀರೆ ತೋರಿಸುವವರ ಹಾಗೆ ಮುಖ ಅರಳಿತ್ತು.

ನಾನು ತುಂಬು ಗರ್ಭಿಣಿಯಾದಾಗ ತಾತ ಕಾಯಿಲೆ ಬಿದ್ದರು. ಅಜ್ಜಿ ಬೆಳಿಗ್ಗೆ ಎದ್ದರೆ ಜೋಯಿಸರ ಮನೆಗೆ ಹೋಗಿ ಆ ದಿನದ ನಕ್ಷತ್ರ ಕೇಳಿಕೊಂಡು ಬರುವರು. ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಇವತ್ತು ಒಳ್ಳೇದೇ," ಎನ್ನುವರು. ಒಂದು ದಿನ ಬಂದವರು ಹಾಗೆ ಹೇಳಲಿಲ್ಲ, ಕೈಯನ್ನೂ ಇಡಲಿಲ್ಲ. ನಮ್ಮ ಹೊಸ್ತಿಲಿನ ಹೊರಗೇ ನಿಂತರು.

"ಇವತ್ತು ನಾನು ಆ ಕಡೇನೇ ಇರ್ತೀನಿ. ನೀನು ಬರಬೇಡ ಕಣೇ. ಕರೆದ್ರೂ ಬರಬೇಡ."

ತಾತನಿಗಾಗಿ ಹೆದರಿದ್ದಾರೆ ಎಂದುಕೊಂಡೆವು. ಆದರೆ ಮಧ್ಯಾಹ್ನ ತಾತ ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅಂಗೈ ಬಿಚ್ಚಿ, ಖಾಲಿ ಇರುವುದನ್ನು ತೋರಿಸಿದರು. ನಮ್ಮತ್ತೆ ಓಡಿದರು. ಅಜ್ಜಿ ಕುಟ್ಟಾಣಿಯ ಮುಂದೆ ಕುಳಿತಲ್ಲೇ ಹೋಗಿದ್ದರು.

ಧನಿಷ್ಠೆ ಎಂದರು ಜೋಯಿಸರು. ಸೂರು ನೋಡಿದರು, ಗೋಡೆಗಳ ಸಂದಿಯಲ್ಲಿ ಕೋಲು ಹಾಕಿ ಆಡಿಸಿದರು. ಅಜ್ಜಿಯ ಚಿಕ್ಕಮನೆ ಮಾತ್ರ ಬಿಟ್ಟರೆ ಸಾಕು ಎಂದರು. ತಾತ ನಮ್ಮ ಮನೆಗೆ ಬಂದರು. ಮೇಸ್ತ್ರಿ ಆ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿಟ್ಟ. ಅಜ್ಜಿ ತಮ್ಮ ಬಾಗಿಲಿನಿಂದಲೇ ಹೊರಟರು. ಮತ್ತೆ ಇಟ್ಟಿಗೆ ಮುಚ್ಚಿ, ಬೀಗ ಹಾಕಿ, ಮುಳ್ಳು ಬಡಿದರು. ಅಂಥ ಮನೆಯಿಂದ ಏನನ್ನೂ ಆಚೆ ತರುವಂತಿಲ್ಲ. ಕುಟ್ಟಾಣಿ ಒಳಗೇ ಉಳಿಯಿತು.

ನನಗೆ ಮಳೆಗಾಲದಲ್ಲಿ ಹೆರಿಗೆಯಾಯಿತು. ತಲೆಯ ಮೇಲೆ ಸೂರು, ಪಕ್ಕದಲ್ಲಿ ಬೆಂಕಿ, ಮಡಿಲಲ್ಲಿ ಹೆಣ್ಣುಮಗು. ಭಗವಂತ ಕೊಟ್ಟದ್ದು ಅಷ್ಟು. ಅಷ್ಟು ಎಂದರೆ ಎಷ್ಟು ಎಂದು ಕಣದ ಗುಡಿಸಲಿಗೆ ಹೋದವರನ್ನು ಕೇಳಬೇಕು.

ಬಾಣಂತಿ ಕೋಣೆ ಆ ಸಂದಿಯ ಪಕ್ಕದ್ದು. ಒಂದು ಮಧ್ಯಾಹ್ನ ಗಂಡಸರು ಹೊಲದಲ್ಲಿದ್ದರು. ಮಗು ಅಳುತ್ತಿತ್ತು. ಗೋಡೆಯ ಆಚೆಯಿಂದ ಟಕ್, ಟಕ್ ಎಂದಿತು. ಮಗು ಅಳು ನಿಲ್ಲಿಸಿ ಆ ಕಡೆ ಮುಖ ತಿರುಗಿಸಿತು.

"ಇಲಿ ಇರಬೇಕು ಕಣೇ," ಎಂದರು ಯಜಮಾನರು, ಸಂಜೆ ಹೇಳಿದಾಗ.

ಮಾರನೆಯ ದಿನ ಸದ್ದು ಶುರುವಾದಾಗ ಕೋಣೆಯ ಬಾಗಿಲಿನಿಂದ ಇಣುಕಿದೆ. ಪಡಸಾಲೆಯಲ್ಲಿ ತಾತ ಗೋಡೆಯ ಕಡೆ ತಿರುಗಿ ಕುಳಿತಿದ್ದರು. ಸಿಡಿಲು ಹೊಡೆದರೂ ಕೇಳದ ತಾತ. ಯಾರೂ ಭುಜ ಮುಟ್ಟಿರಲಿಲ್ಲ. ಕೈ ಚಾಚಿದ್ದರು.

ಸ್ವಲ್ಪ ಹೊತ್ತಿಗೆ ನಮ್ಮತ್ತೆ ಒಳಗೆ ಬಂದರು. "ಮಾವಯ್ಯಂಗೆ ಎಲೆ ಅಡಿಕೆ ಕುಟ್ಟಿಕೊಟ್ಯೇನೇ? ತುಟಿ ಕೆಂಪಗೈತೆ."

"ಇಲ್ಲವಲ್ಲ ಅತ್ತೆ. ನೀವು ಕೊಟ್ಟಿರಿ ಅಂದ್ಕೊಂಡೆ."

ಅತ್ತೆ ನನ್ನನ್ನು ನೋಡಿದರು, ಮಗುವನ್ನು ನೋಡಿದರು. ಹೊರಗೆ ಹೋಗಿ ದೇವರಿಗೆ ದೀಪ ಹಚ್ಚಿದರು.

ಆರು ತಿಂಗಳಾದ ಮೇಲೆ ಶಾಂತಿ ಮಾಡಿಸಿ ಮುಳ್ಳು ತೆಗೆದರು. ಕಸ ಗುಡಿಸಲು ನಾನೇ ಹೋದೆ. ಕುಟ್ಟಾಣಿ ಅಲ್ಲೇ ಇತ್ತು. ಒಳಗೆ ನೋಡದೆ ಹೊರಗೆ ತಂದು, ಕಣ್ಣು ಬೇರೆ ಕಡೆ ಇಟ್ಟುಕೊಂಡೇ ನೀರು ಸುರಿದು ತೊಳೆದೆ. ದೇವರು ಮುಚ್ಚಿಟ್ಟದ್ದನ್ನು ಕೆದಕಬಾರದು. ತಾತ ತಮ್ಮ ಮನೆಗೆ ಹಿಂತಿರುಗಿದರು. ಮುಂದಿನ ಯುಗಾದಿ ಕಳೆದು ಒಳ್ಳೆಯ ನಕ್ಷತ್ರದಲ್ಲಿ, ಬಾಗಿಲಿನಿಂದಲೇ ಹೋದರು.

ಆ ಮಗಳು ಈಗ ಚೊಚ್ಚಲ ಬಾಣಂತಿಯಾಗಿ ಅದೇ ಕೋಣೆಯಲ್ಲಿ ಮಲಗಿದ್ದಾಳೆ. ಸಂದಿಯಲ್ಲಿ ಹಾವು ಚೇಳು ಸೇರುತ್ತವೆ, ಮುಚ್ಚಿಸಿಬಿಡೋಣ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪಿಲ್ಲ. ನೆನ್ನೆ ಮಧ್ಯಾಹ್ನ ಮೊಮ್ಮಗು ಅಳುತ್ತಿತ್ತು. ಇದ್ದಕ್ಕಿದ್ದಂತೆ ಸುಮ್ಮನಾಗಿ ಗೋಡೆಯ ಕಡೆ ತಿರುಗಿತು.

"ಅದೇನಮ್ಮ ಟಕ್ ಟಕ್ ಅಂತ?" ಎಂದಳು ಮಗಳು.

"ನಿಮ್ ಮುತ್ತಜ್ಜಿ ಕಣೇ. ಮಲಗ್ಸು," ಎಂದೆ.