ಗಂಗುಲಮ್ಮಕ್ಕನ ಹರಕೆ

ಗಂಗುಲಮ್ಮಕ್ಕ ಮನುಷ್ಯರನ್ನು ಕನ್ನಡದಲ್ಲಿ ಬೈಯುತ್ತಿದ್ದಳು, ಗಿಳಿಗಳನ್ನು ತೆಲುಗಿನಲ್ಲಿ. ರಾಯಲ್ಪಾಡಿನ ಹತ್ತಿರ ನಮ್ಮ ಮಾವಿನ ತೋಪಿಗೂ ಅವಳ ತೋಪಿಗೂ ನಡುವೆ ಇದ್ದದ್ದು ಒಂದು ಬದು ಮಾತ್ರ. ಕಾಯಿ ಬಲಿಯುವ ದಿನಗಳಲ್ಲಿ ಬೆಳಗಾದರೆ ಸಾಕು, ಸೆರಗು ಸಿಕ್ಕಿಸಿ ಬದುವಿನ ಮೇಲೆ ನಿಂತು, "ಪೋಂಡ್ರಾ! ಮೀ ಊರಿಕಿ ಪೋಂಡ್ರಾ!" ಎಂದು ಅವನ್ನು ಅವುಗಳ ಊರಿಗೆ ಅಟ್ಟುತ್ತಿದ್ದಳು. ಯಾಕಕ್ಕಾ ತೆಲುಗು ಎಂದು ಕೇಳಿದರೆ, "ಅವು ಆಂಧ್ರದ ಕಡೆಯಿಂದ ಬರೋವು ಕಣೇ. ಕನ್ನಡ ಎಲ್ಲಿ ತಿಳೀತದೆ ಅವುಕ್ಕೆ?" ಎನ್ನುತ್ತಾ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದಳು. ಎಲೆ, ಸುಣ್ಣ, ಅಡಿಕೆ, ಮೇಲೊಂದು ಚಿಟಿಕೆ ಹೊಗೆಸೊಪ್ಪು. ಆ ಚೀಲ ಅವಳ ಸೊಂಟ ಬಿಟ್ಟದ್ದನ್ನು ನಾನು ಕಂಡಿಲ್ಲ.

ನನ್ನ ಗಂಡ ಇವತ್ತು ಬದುಕಿರುವುದು ಆ ಗಂಟಲಿನಿಂದ. ಒಮ್ಮೆ ಅವರು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತಿಟ್ಟು, ಬೋರ್‌ವೆಲ್ ಪಕ್ಕದ ಕಂಬ ಹತ್ತಿ ವೈರು ಕಟ್ಟುತ್ತಿದ್ದರು. ಅದು ತಿಳಿಯದ ಇನ್ನೊಬ್ಬ ರೈತ ಫ್ಯೂಸ್ ಹಾಕಲು ಹೊರಟಿದ್ದ. ಕಂಬದ ಬುಡದಲ್ಲೇ ನಿಂತಿದ್ದ ನಾನು ಗಮನಿಸಲಿಲ್ಲ. ಗಂಗುಲಮ್ಮಕ್ಕ ತನ್ನ ತೋಪಿನಿಂದಲೇ ಕಂಡು, "ಲೇ, ಮುಟ್ಟಬೇಡ್ಲಾ!" ಎಂದಳು. ಎರಡು ಹೊಲದಾಚೆ ಅವನ ಕೈ ಹಾಗೇ ನಿಂತಿತು. ನಾನು ಅಳುತ್ತಾ ಓಡಿಹೋದರೆ, ಅವಳು ನನಗೇ ಬೈದಳು.

ಹೋದ ವರ್ಷ ಮಾವು ಹೂ ಬಿಟ್ಟ ಹೊತ್ತಿಗೆ ಅವಳ ಗಂಟಲು ಕಟ್ಟಿತು. ಶುಂಠಿ, ಮೆಣಸು, ಜೇನು, ಎಲ್ಲ ನಾನೇ ಕೊಟ್ಟೆ. ಕೂಗಿ ಕೂಗಿ ಹೀಗಾಗಿದೆ ಎಂದು ಗದರಿಸಿದೆ ಕೂಡ. ಮಿಡಿ ಕಾಯಾದರೂ ಅದು ಬಿಡಲಿಲ್ಲ. ಒಂದು ದಿನ ಮಗಳ ಮದುವೆಗೆ ಸೀರೆ ನೋಡಿಬರುತ್ತೇನೆಂದು ಒಬ್ಬಳೇ ಮುಳಬಾಗಿಲಿಗೆ ಹೋದಳು. ಬರಿಗೈಯಲ್ಲಿ ಬಂದಳು. ಮಾರನೆಯ ಬೆಳಿಗ್ಗೆ ಒಡೆದ ಧ್ವನಿಯಲ್ಲಿ ಹೇಳಿದಳು:

"ಕುರುಡುಮಲೆ ಗಣೇಶನಿಗೆ ಹರಕೆ ಕಟ್ಕೊಂಡಿದ್ದೀನಿ. ಸುಜಾತನ ಮದ್ವೆ ಆಗೋತನಕ ಮಾತಾಡಲ್ಲ."

"ನೀನು ಮೌನ ಅಂದ್ರೆ ಗಿಳಿಗಳಾದ್ರೂ ನಂಬ್ತಾವಾ ಅಕ್ಕಾ?" ಎಂದೆ. ಅವಳು ನಗಲಿಲ್ಲ.

ನಂಬಿದ್ದು ಗಿಳಿಗಳೇ ಮೊದಲು. ಅವಳ ತೋಪಿನಲ್ಲಿ ಕೈಗೆಟುಕುವ ಕೊಂಬೆಗೂ ಇಳಿದವು. ಅವಳು ತಗಡಿನ ಡಬ್ಬಿ ಬಡಿಯುತ್ತಾ ಓಡಾಡುತ್ತಿದ್ದಳು. ಮುದ್ದೆ ಬಿಟ್ಟು ಗಂಜಿ ಹಿಡಿದಳು. ಅದೂ ವ್ರತದ ಭಾಗವೆಂದುಕೊಂಡೆವು. ಊರ ಹೆಂಗಸರು ಅವಳ ಕಾಲು ಮುಟ್ಟಿ ನಮಸ್ಕರಿಸಿದರು. ನಾನೂ ನಮಸ್ಕರಿಸಿದೆ, ದಡ್ಡಿ.

ಒಂದು ಮಧ್ಯಾಹ್ನ ಮರದ ಕೆಳಗೆ ಉದುರಿದ ಕಾಯಿ ಆರಿಸುತ್ತಿದ್ದೆ. ಬದುವಿನ ಮೇಲೆ ಗಂಗುಲಮ್ಮಕ್ಕ ನಿಂತಿದ್ದಳು. ಇದ್ದಕ್ಕಿದ್ದಂತೆ ಅವಳ ಬಾಯಿ ಪೂರ್ತಿ ತೆರೆಯಿತು, ಕತ್ತಿನ ನರಗಳು ಉಬ್ಬಿದವು. ಬಂದದ್ದು ಗಾಳಿ ಮಾತ್ರ. ಏನಕ್ಕಾ ಎಂದು ನಗುತ್ತಾ ಇನ್ನೊಂದು ಕಾಯಿಗೆ ಕೈ ಚಾಚಿದೆ. ಅವಳು ಡಬ್ಬಿಯನ್ನೇ ಬೀಸಿ ಎಸೆದಳು. ಅದು ಮೊಣಕೈಗೆ ಬಡಿದು ನಾನು ಹಿಂದೆ ಸರಿದರೆ, ಕೈ ಇಡಬೇಕಿದ್ದ ಜಾಗದಲ್ಲಿ, ತರಗೆಲೆಯ ನಡುವೆ, ಕೊಳಕುಮಂಡಲ ಹಾವು ಸುತ್ತಿಕೊಂಡಿತ್ತು.

ಹಾವು ಹೋದ ಮೇಲೆ ರೇಗಿದೆ: "ನನ್ ಪ್ರಾಣ ಹೋಗೋವಾಗ್ಲೂ ಹರಕೆನಾ ಅಕ್ಕಾ?"

ಅವಳು ತಲೆ ಅಲ್ಲಾಡಿಸಿ, ನನ್ನ ಕೈ ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡಳು. ಅಡಿಕೆಯಷ್ಟು ಗಟ್ಟಿಯಾದ ಗಂಟು. ಆಮೇಲೆ ಎಲೆಯಡಿಕೆ ಚೀಲದಿಂದ ಮುಳಬಾಗಿಲಿನ ಡಾಕ್ಟರು ಬರೆದ ಚೀಟಿ ತೆಗೆದಳು. ಇಂಗ್ಲಿಷಿನಲ್ಲಿತ್ತು. ಕ್ಯಾನ್ಸರ್ ಎಂಬುದನ್ನೂ, ತಕ್ಷಣ ಬೆಂಗಳೂರಿಗೆ ಹೋಗಬೇಕೆಂಬುದನ್ನೂ ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ.

ಅವಳು ಉಸಿರಿನಲ್ಲೇ ಹೇಳಿದಳು. ಕಿವಿ ಅವಳ ತುಟಿಗೆ ಹಚ್ಚಬೇಕಾಯಿತು. "ಗಂಡಿನವರಿಗೆ ಗೊತ್ತಾದ್ರೆ ಬಿಟ್ಬಿಡ್ತಾರೆ. ಮದ್ವೆ ಒಂದ್ ಆಗ್ಲಿ. ಯಾರ್ಗೂ ಹೇಳ್ಬೇಡ ಕಣೇ."

ಸುಜಾತನ ಮೇಲೆ ಆಣೆ ಹಾಕಿಸಿದಳು. ಮದುವೆಗೆ ಇನ್ನೂ ಏಳು ವಾರ ಇತ್ತು. ಅವಳ ಒಂದು ಕೂಗಿನಿಂದ ಬದುಕಿದ ನನ್ನ ಗಂಡನಿಗೂ ನಾನು ಹೇಳಲಿಲ್ಲ. ಹೇಳಬೇಕಿತ್ತು. ದಿನಾ ಬೆಳಿಗ್ಗೆ ಆ ಡಬ್ಬಿಯ ಸದ್ದು ಕೇಳಿ, ಇವತ್ತೂ ಇದ್ದಾಳೆ ಎಂದುಕೊಂಡು ಒಲೆ ಹಚ್ಚುತ್ತಿದ್ದೆ.

ಮದುವೆ ಚೆನ್ನಾಗಿ ಆಯಿತು. ಮಾರನೆಯ ವಾರ ಅವಳೇ ಆ ಚೀಟಿ ಹೊರತೆಗೆದಳು; ಮನೆಯವರು ಬೆಂಗಳೂರಿಗೆ ಕರೆದೊಯ್ದರು. "ಇಷ್ಟ್ ದಿನ ಏನ್ ಮಾಡ್ತಿದ್ರಿ?" ಎಂದು ಅಲ್ಲಿಯ ಡಾಕ್ಟರು ಅವಳ ಗಂಡನನ್ನು ಕೇಳಿದರಂತೆ. ಪಾಪ, ಆತನಿಗೆ ಏನು ಗೊತ್ತು! ಉಸಿರಾಡಲು ಕತ್ತಿನಲ್ಲಿ ಕೊಳವೆ ಇಟ್ಟು ಮನೆಗೆ ಕಳಿಸಿದರು. ಕೊನೆಯ ಸಲ ನೋಡಲು ಹೋದಾಗ ಕಿಟಕಿಯಾಚೆ ಗಿಳಿಗಳು ಗದ್ದಲ ಮಾಡುತ್ತಿದ್ದವು. ಅವಳು ಆ ಕಡೆ ಬೆರಳು ತೋರಿಸಿ ತುಟಿ ಆಡಿಸಿದಳು. ಪೋಂಡ್ರಾ ಎಂದಳೆಂದು ನನಗೆ ತಿಳಿಯಿತು. ಮರಗಳು ಮತ್ತೆ ಹೂ ಬಿಡುವ ಮೊದಲೇ ಹೋಗಿಬಿಟ್ಟಳು.

ಈ ಬೇಸಿಗೆಯಲ್ಲಿ ಸುಜಾತ ತವರಿಗೆ ಬಂದಳು. ಬದುವಿನ ಮೇಲೆ ನಿಂತು ಅಮ್ಮನ ಹಾಗೆಯೇ ಕೂಗಿ ಗಿಳಿಗಳನ್ನು ಎಬ್ಬಿಸಿದಳು. ಆಮೇಲೆ ನನ್ನ ಪಕ್ಕ ಬಂದು ಕುಳಿತಳು.

"ಮುಂಚೇನೇ ಗೊತ್ತಾಗಿದ್ರೆ ಮದ್ವೇನೇ ನಿಲ್ಸಿಬಿಡ್ತಿದ್ದೆ ಚಿಕ್ಕಮ್ಮಾ. ನಿಮ್ಗಾದ್ರೂ ಗೊತ್ತಿತ್ತಾ?"

"ಇಲ್ಲ ಕಣಮ್ಮಾ" ಎಂದೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ.