ಪಾಂಪ್ಲೆಟ್ ಮೇಲಿನ ನರ್ಸ್

ಮನೆಗೇ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನಮ್ಮ ಸಂಸ್ಥೆಯ ಪಾಂಪ್ಲೆಟ್ಟನ್ನು ನೌಬಾದದ ಆಫೀಸಿನಲ್ಲಿ ಕೂತು ನಾನೇ ಡಿಸೈನ್ ಮಾಡಿದ್ದೆ. ಮೇಲೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಒಬ್ಬ ನರ್ಸ್ ಫೋಟೋ: ಬೆಳ್ಳನೆಯ ಮುಖ, ಇಸ್ತ್ರಿ ಮಾಡಿದ ಕೋಟು, ಹಲ್ಲು ಕಾಣುವ ನಗು. ಭಾರಿ ಚೆನ್ನಾಗಿದೆ ಅಂತ ಬೀಗಿದ್ದೆ.

ಅದನ್ನು ನೋಡಿ ಭಾಲ್ಕಿಯಿಂದ ಒಬ್ಬರು ಫೋನ್ ಮಾಡಿದರು. ಠಾಣಾ ಕುಶನೂರದ ಶಾಂತಾಬಾಯಿಯವರನ್ನು ಕರೆದುಕೊಂಡು ಹೋದೆ. ಹಾಸಿಗೆ ಹಿಡಿದವರನ್ನು ನೋಯಿಸದೆ ಎತ್ತಿ ಕೂರಿಸಲು ನಮ್ಮಲ್ಲಿ ಅವರಷ್ಟು ಪಳಗಿದ ಕೈ ಇನ್ನೊಂದಿಲ್ಲ. ಬಾಗಿಲು ತೆರೆದ ಯಜಮಾನರು ಒಮ್ಮೆ ಅವರನ್ನು, ಒಮ್ಮೆ ತಮ್ಮ ಕೈಯಲ್ಲಿದ್ದ ಪಾಂಪ್ಲೆಟ್ಟನ್ನು ನೋಡಿದರು.

“ಇದರಾಗ ಇದ್ದಾಕಿ ಬರ್ಲಿಲ್ಲೇನ್ರಿ?”

ಆ ಫೋಟೋ ಸುಳ್ಳು, ಖರೇ ಕೆಲಸದವರು ಇವರೇ ಅಂತ ನಾನು ಹೇಳಬೇಕಿತ್ತು. ಅಷ್ಟರಲ್ಲಿ ಶಾಂತಾಬಾಯಿಯೇ ಹೇಳಿದರು:

“ಆಕಿ ರಜಾ ಮ್ಯಾಲ ಅದಾಳ್ರಿ. ಆಕಿ ಬದ್ಲಿ ನಾ ಬಂದೀನ್ರಿ.”

ಚಪ್ಪಲಿ ಬಿಟ್ಟು ಒಳಗೆ ನಡೆದರು.

ಮುಂದಿನ ಸಲ ಅಚ್ಚು ಹಾಕಿಸುವಾಗ, ಮನಸ್ಸು ತಡೆಯದೆ ಅವರದೇ ಫೋಟೋ ಕೇಳಿದೆ.

“ಬ್ಯಾಡ್ರಿ ಸರ್. ಫೋನ್ ಆಕೀನ ನೋಡೇ ಬರ್ತಾವ.”

ನಾನೂ ಹೂಂ ಅಂದುಬಿಟ್ಟೆ. ಪಾಂಪ್ಲೆಟ್ಟಿನ ನರ್ಸ್ ಇವತ್ತಿಗೂ ರಜೆಯಲ್ಲೇ ಇದ್ದಾಳೆ.