ಗುಂಡಿನ ಡಬ್ಬಿ ಅಕ್ಕನ ವಶ

ಹೂಟಗಳ್ಳಿಯ ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿದ್ದೇವೆ. ಡಿಕ್ಕಿಯಲ್ಲಿ ಭಾವನವರ ಬಂದೂಕು ಚೀಲ ಹೊದ್ದು ಪವಡಿಸಿದೆ. ಭಾವನವರೂ ನಾನೂ ಅದರ ಪರಿವಾರ. ಕೇರಳದ ಗಡಿ ದಾಟಿ, ಕಣ್ಣೂರಿನಲ್ಲಿರುವ ಅವರ ತಮ್ಮನಿಗೆ ಅದನ್ನು ಒಪ್ಪಿಸಬೇಕು. ಲೈಸೆನ್ಸು, ಅನುಮತಿ ಎಲ್ಲ ಸರಿಯಾಗಿವೆ. ನಮ್ಮ ಮದುವೆಗಳಿಗೂ ಇಷ್ಟು ಕಾಗದ ಬೇಕಾಗಿರಲಿಲ್ಲ.

ಹೋದ ತಿಂಗಳು ನಮ್ಮಕ್ಕ ತೀರಿಕೊಂಡಳು. "ಒಬ್ಬನೇ ಇರೋ ಮನೇಲಿ ಅದು ಬೇಡ ಕಣಯ್ಯ," ಅಂದರು ಭಾವ.

ಬಂದೂಕೂ ಗುಂಡೂ ಒಟ್ಟಿಗೆ ಇರಕೂಡದೆಂಬುದು ಅಕ್ಕನ ರಾಜಶಾಸನ, ಸರ್ಕಾರದ್ದಕ್ಕಿಂತ ಬಿಗಿ. ಎಲ್ಲಿಗೇ ಹೊರಟರೂ ಬಂದೂಕು ಡಿಕ್ಕಿಗೆ ಹೋಗುತ್ತಿತ್ತು, ಗುಂಡಿನ ಡಬ್ಬಿ ಅವಳ ಕೈಚೀಲಕ್ಕೆ. ವಾಪಸು ಬಂದಮೇಲೆ ಅದನ್ನು ಎಲ್ಲಿಡುತ್ತಿದ್ದಳೋ, ಅವಳಿಗೇ ಗೊತ್ತು.

ಟೀ ಕುಡಿಯುತ್ತಾ ಕೇಳಿದೆ, "ಭಾವ, ಚೆಕ್‌ಪೋಸ್ಟಲ್ಲಿ ಗುಂಡೂ ತೋರಿಸಿ ಅಂತಾರೆ. ಎಲ್ಲಿಟ್ಟಿದ್ದೀರಿ?"

"ನಿಮ್ಮಕ್ಕನ ಹತ್ರ ಇದೆಯಲ್ಲಯ್ಯ," ಅಂದರು.

ಅವರ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಅದನ್ನು ಕೆಳಗಿಟ್ಟು, "ಗಾಡಿ ತಿರುಗಿಸು," ಅಂದರು.

"ಮನೇಲಿ ಎಲ್ಲಿದೆ ಅಂತ ಗೊತ್ತಾ?"

"ಕೇಳ್ತಿದ್ದೆ ಕಣಯ್ಯ. ಕೇಳಿದಾಗೆಲ್ಲ, 'ನಿಮಗ್ಯಾಕೆ, ನಾನಿದ್ದೀನಲ್ಲ' ಅಂದ್ಬುಡೋಳು."